ಗಲ್ಲಾಪೆಟ್ಟಿಗೆಗೆ ಬೆಳಕು, ದುಡಿಮೆಗೆ ಕತ್ತಲೆ!



ಸಂಬಳದ ಮಾತು ಆಡಿದ್ದೇವೆ, ರಜೆಯ ಮಾತು ಆಡಿದ್ದೇವೆ, ಬೋನಸ್ಸಿನ ಮಾತಂತೂ ಪ್ರತಿ ದೀಪಾವಳಿಗೂ ಆಡುತ್ತೇವೆ. ಆದರೆ ಯಾವ ಬೆಳಕಿನಲ್ಲಿ ನಿಂತು ನಾವು ದುಡಿಯುತ್ತೇವೆ ಎಂಬುದರ ಬಗ್ಗೆ ನಮ್ಮಲ್ಲಿ ಎಷ್ಟು ಜನ ಬಾಯಿ ಬಿಟ್ಟಿದ್ದೇವೆ? ಗಲ್ಲಾದ ಮೇಲೆ ದೀಪಗಳ ಸಾಲು, ಗಿರಾಕಿಯ ತಟ್ಟೆಯಲ್ಲಿನ ಸಾಸಿವೆ ಕಾಳನ್ನೂ ಎಣಿಸಬಹುದಾದಷ್ಟು ಬೆಳಕು. ಒಳಗೆ ಈಳಿಗೆ, ಗ್ರೈಂಡರ್, ಕುದಿಯುವ ಎಣ್ಣೆ ಇರುವಲ್ಲಿ ಜಿಡ್ಡು ಹಿಡಿದ ಒಂದು ಬಲ್ಬು. ಇಂಥ ಹೋಟೆಲುಗಳನ್ನು ನಾವೆಲ್ಲ ಬಲ್ಲೆವು. ತಗಡಿನ ಮಾಡಿನ ಕಾರ್ಖಾನೆ ಶೆಡ್ಡುಗಳಲ್ಲೂ ಇದೇ ಕಥೆ: ಯಂತ್ರಕ್ಕೆ ಲಕ್ಷ ಲಕ್ಷ ಸುರಿದ ಮಾಲಿಕನ ಕೈ ದೀಪದ ಹತ್ತಿರ ಬಂದಾಗ ಮಾತ್ರ ಬಿಗಿಯುತ್ತದೆ.

ಬೆಳಕಿನ ವಿಷಯದಲ್ಲಿ ನಮ್ಮ ಹಿರಿಯರ ಅನುಭವ ಕಹಿಯಾದದ್ದು. ಒಂದು ಕಾಲಕ್ಕೆ ಮುಂಬಯಿಯ ಗಿರಣಿಗಳ ಕೆಲಸ ಸೂರ್ಯೋದಯದಿಂದ ಸೂರ್ಯಾಸ್ತದ ತನಕ. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ವಿದ್ಯುದ್ದೀಪ ಬಂತು. ಬಂದದ್ದು ಕಾಮಗಾರನ ಕಣ್ಣಿಗಾಗಿ ಅಲ್ಲ, ದುಡಿಮೆಯ ದಿನವನ್ನು ಉದ್ದ ಮಾಡುವುದಕ್ಕಾಗಿ! 1905ರಲ್ಲಿ ವ್ಯಾಪಾರ ಜೋರಾದಾಗ ದೀಪ ಹಚ್ಚಿ ಹೊತ್ತು ಮುಳುಗಿದ ಮೇಲೂ ದುಡಿಸಿದರು; ಕಾಮಗಾರರು ಸಿಡಿದೆದ್ದರು. 1911ರ ಕಾರ್ಖಾನೆ ಕಾಯಿದೆ ಬಟ್ಟೆ ಗಿರಣಿಯ ಗಂಡಾಳುಗಳಿಗೆ ದಿನಕ್ಕೆ 12 ತಾಸಿನ ಮಿತಿ ಹಾಕಿತು.

ಹಾಗೆಂದು ಒಳ್ಳೆಯ ಬೆಳಕು ಎಂದರೇನೆಂದು ಮಾಲಿಕರಿಗೆ ತಿಳಿದಿರಲಿಲ್ಲವೆ? ಚೆನ್ನಾಗಿ ತಿಳಿದಿತ್ತು. ಹಳೆಯ ಗಿರಣಿಗಳ ನೇಯ್ಗೆ ಖಾತೆಯ ಮಾಡನ್ನು ನೆನಪಿಸಿಕೊಳ್ಳಿರಿ. ಗರಗಸದ ಹಲ್ಲಿನಂತೆ ಏರಿಳಿಯುವ ಮಾಡು. ಅದರ ಗಾಜುಗಳೆಲ್ಲ ಉತ್ತರಕ್ಕೆ ಮುಖ ಮಾಡಿದವು. ನೇರ ಬಿಸಿಲು ಬೀಳದೆ ಹಗಲೆಲ್ಲ ಸಮನಾದ ಬೆಳಕು ಬರಲೆಂದೇ ಆ ಏರ್ಪಾಡು. ಎಳೆ ಕಡಿದದ್ದು ಕಾಣದಿದ್ದರೆ ಬಟ್ಟೆ ಕೆಡುತ್ತದೆ ಎಂಬುದು ಶೇಠಜಿಗೆ ಗೊತ್ತಿತ್ತು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಇಂದು ಭಿವಂಡಿ, ಸೋಲಾಪುರ, ಇಚಲಕರಂಜಿಗಳಲ್ಲಿ ಪವರ್‌ಲೂಮ್ ಓಡುವುದು ಶೆಡ್ಡುಗಳಲ್ಲಿ. ಮಗ್ಗ ಶೆಡ್ಡಿಗೆ ಬಂತು. ಉತ್ತರದ ಬೆಳಕು ಅದರೊಡನೆ ಬರಲಿಲ್ಲ.

ಕಾನೂನು ಏನು ಹೇಳುತ್ತದೆ? 1948ರ ಕಾರ್ಖಾನೆ ಕಾಯಿದೆಯ 17ನೆಯ ಕಲಮು ಸಾಕಷ್ಟು ಮತ್ತು ತಕ್ಕ ಬೆಳಕು ಕೊಡಬೇಕೆಂದಿತು. ಗಾಜುಗಳನ್ನು ಒಳಗೂ ಹೊರಗೂ ಸ್ವಚ್ಛವಾಗಿಡಬೇಕೆಂದಿತು. ಕಣ್ಣು ಕುಕ್ಕುವ ಪ್ರಕಾಶವನ್ನೂ, ಅಪಘಾತಕ್ಕೆ ದಾರಿಯಾಗುವ ನೆರಳನ್ನೂ ತಡೆಯಬೇಕೆಂದಿತು. ಅದರ ಜಾಗಕ್ಕೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ವೃತ್ತಿ ಸುರಕ್ಷತಾ ಸಂಹಿತೆಯಲ್ಲೂ ತಕ್ಕಷ್ಟು ಬೆಳಕು ಕೊಡುವುದು ಮಾಲಿಕನ ಹೊಣೆಯೇ. ಆದರೆ ಸಾಮಾನ್ಯವಾಗಿ ಹತ್ತು ಮಂದಿಗಿಂತ ಕಡಿಮೆ ಇರುವ ಶೆಡ್ಡಿಗೆ ಈ ಸಂಹಿತೆಯ ಕೈ ತಲುಪುವುದಿಲ್ಲ. ಒಂಬತ್ತು ಜನರ ಕಣ್ಣು ಕಣ್ಣಲ್ಲವೆ?

"ದೀಪ ಹೆಚ್ಚಿಸಿದರೆ ಕರೆಂಟಿನ ಬಿಲ್ಲು ಏರುತ್ತದಯ್ಯಾ" ಎಂಬುದು ಮಾಲಿಕರ ಹಳೆಯ ರಾಗ. ಸರಿ, ಲೆಕ್ಕವನ್ನೇ ಹಾಕೋಣ. ಉದ್ದ 30 ಅಡಿ, ಅಗಲ 20 ಅಡಿಯ ಒಂದು ಶೆಡ್ಡು. ಹತ್ತು ಜನ ಆಳು. ಜಾಗ ಸುಮಾರು 56 ಚದರ ಮೀಟರು. ಒಂದು ಚದರ ಮೀಟರಿನ ಮೇಲೆ ಒಂದು ಲ್ಯೂಮೆನ್ ಬೆಳಕು ಬಿದ್ದರೆ ಅದು ಒಂದು ಲಕ್ಸ್. ಒರಟು ಕೆಲಸಕ್ಕೆ 300 ಲಕ್ಸ್, ನಯವಾದ ಕೆಲಸಕ್ಕೆ 500 ಮತ್ತು ಅದಕ್ಕೂ ಮೇಲೆ ಬೇಕೆಂಬುದು ಸಾಮಾನ್ಯ ರೂಢಿ. 300 ಲಕ್ಸಿನ ಲೆಕ್ಕದಲ್ಲಿ ಕೆಲಸದ ಮೇಜಿನ ಮೇಲೆ 16,800 ಲ್ಯೂಮೆನ್ ಬೀಳಬೇಕು. ಗೋಡೆ, ಮಾಡು, ಧೂಳು ಸೇರಿ ಅರ್ಧದಷ್ಟನ್ನು ನುಂಗುವುದರಿಂದ ದೀಪಗಳು 33,600 ಕೊಡಬೇಕು. 20 ವಾಟಿನ ನಾಲ್ಕಡಿಯ ಒಂದು ಎಲ್‌ಇಡಿ ಟ್ಯೂಬು ಸುಮಾರು 2,000 ಕೊಡುತ್ತದೆ. ಅಂದರೆ 17 ಟ್ಯೂಬು. ಸಾಲು ಸರಿಯಾಗಲು 18 ಎನ್ನೋಣ, ಆರಾರರ ಮೂರು ಸಾಲು. ಎಂಟು ತಾಸು ಉರಿದರೆ ಮೂರು ಯೂನಿಟ್ಟಿಗಿಂತ ಕಡಿಮೆ. ಯೂನಿಟ್ಟಿಗೆ ಹತ್ತು ರೂಪಾಯಿ ಹಿಡಿದರೂ ದಿನಕ್ಕೆ 29 ರೂಪಾಯಿ, ತಲೆಗೆ ಮೂರು ರೂಪಾಯಿಯೂ ಇಲ್ಲ. ಒಂದು ಮಸಾಲೆದೋಸೆಯ ಬೆಲೆಗೆ ಹತ್ತು ಜನರ ಕಣ್ಣು ಉಳಿಯುವುದಾದರೆ ಅದು ದುಬಾರಿಯೆ?

ಆದರೆ ದೀಪದ ಸಂಖ್ಯೆ ಒಂದೇ ಸಾಲದು, ಹಾಕುವ ರೀತಿಯೂ ಸರಿಯಿರಬೇಕು. ದೀಪ ಬೆನ್ನ ಹಿಂದಿದ್ದರೆ ನಮ್ಮ ನೆರಳು ನಮ್ಮ ಕೈಯ ಮೇಲೆಯೇ ಬೀಳುತ್ತದೆ; ಅದು ಮುಂದೆ ಅಥವಾ ಎರಡು ಪಕ್ಕಗಳಲ್ಲಿರಬೇಕು. ಎತ್ತರದ ಮಾಡಿಗೆ ಅಂಟಿಸಿದ ಚಿಕ್ಕ ಬಲ್ಬಿನ ದೂರ ಇಮ್ಮಡಿಯಾದರೆ ಬೀಳುವ ಬೆಳಕು ಕಾಲು ಪಾಲಿಗಿಳಿಯುತ್ತದೆ. ಆದ್ದರಿಂದ ತಲೆಗೆ, ಯಂತ್ರಕ್ಕೆ ತಾಗದಂತೆ ಕೆಳಗಿಳಿಸಿ, ಮೇಲೆ ಮುಚ್ಚಿಗೆ ಹಾಕಿ ತೂಗಬೇಕು. ಗೋಡೆಗೂ ಮಾಡಿನ ಒಳಮೈಗೂ ಬಿಳಿ ಬಣ್ಣ ಬಳಿದರೆ ಅದೇ ದೀಪ ಹೆಚ್ಚು ಬೆಳಕು ಕೊಡುತ್ತದೆ. ಮಾಡಿನಲ್ಲಿ ಕೆಲವು ತಗಡು ತೆಗೆದು ಬೆಳಕು ಹಾಯುವ ಶೀಟು ಹಾಕಿದರೆ ಹಗಲಿನ ಬೆಳಕು ಪುಕ್ಕಟೆ.

ಇನ್ನೊಂದು ಅಪಾಯವನ್ನು ತಿರುಗುವ ಯಂತ್ರದ ಬಳಿ ನಿಲ್ಲುವವರೆಲ್ಲ ತಿಳಿದಿರಬೇಕು. ನಮ್ಮ ಕರೆಂಟಿನಲ್ಲಿ ಹಳೆಯ ಟ್ಯೂಬ್‌ಲೈಟುಗಳೂ ಕಳಪೆ ಎಲ್‌ಇಡಿಗಳೂ ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಆ ಮಿಣುಕಿಗೆ ತಾಳೆಯಾಗುವ ವೇಗದಲ್ಲಿ ಚಕ್ರ ತಿರುಗಿದರೆ ಅದು ನಿಂತಂತೆ ಕಾಣುತ್ತದೆ. ನಿಂತಿದೆಯೆಂದು ಕೈಯಿಟ್ಟವನ ಗತಿಯೇನು? ಮಿಣುಕದ ಒಳ್ಳೆಯ ಎಲ್‌ಇಡಿ ಹಾಕಬೇಕು, ಅಥವಾ ಅಕ್ಕಪಕ್ಕದ ಸಾಲುಗಳನ್ನು ಬೇರೆ ಬೇರೆ ಫೇಸಿಗೆ ಜೋಡಿಸಬೇಕು. ಯಂತ್ರ ಮತ್ತು ದೀಪ ಒಂದೇ ಫ್ಯೂಜಿನಲ್ಲಿ ಇರಲೇಬಾರದು. ಯಂತ್ರ ಟ್ರಿಪ್ಪಾದ ಕೂಡಲೆ ದೀಪವೂ ಆರಿದರೆ, ಇನ್ನೂ ತಿರುಗುತ್ತಿರುವ ಅಲಗಿನ ಮುಂದೆ ಕಾಮಗಾರ ಕುರುಡನಾಗಿ ನಿಲ್ಲುತ್ತಾನೆ. ಹೋಟೆಲಿನ ಅಡಿಗೆಮನೆಯಲ್ಲಿ ಹಬೆ, ನೀರು. ಮಗ್ಗದ ಶೆಡ್ಡಿನಲ್ಲಿ ಹತ್ತಿಯ ತುಪ್ಪಳ. ಎರಡು ಕಡೆಯೂ ಮುಚ್ಚಿದ ಫಿಟಿಂಗೇ ಬೇಕು, ಅರ್ಥಿಂಗ್ ಬೇಕು, ಲೈಸನ್ಸ್ ಇರುವ ವಾಯರ್‌ಮನ್ನನ ಕೈಕೆಲಸ ಬೇಕು. ಮಾಲಿಕನ ಭಾವಮೈದುನ ಏಣಿ ಹತ್ತಿ ತಂತಿ ಕಟ್ಟಿದರೆ ಸಾಲದು.

"ಕಣ್ಣಿಗೆ ರೂಢಿಯಾಗುತ್ತದೆ ಬಿಡು" ಎನ್ನುವವರು ನಮ್ಮಲ್ಲೂ ಇದ್ದಾರೆ. ಅಣ್ಣಂದಿರೇ, ಅರುವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೆಯ ಒಂದು ಪಾಲು. ಹುಡುಗನಿಗೆ ಸಾಕಾದ ದೀಪ ಹಿರಿಯ ಭಟ್ಟರಿಗೆ ಸಾಲದು. ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತು ಮುಂದೆ ಬಂದವರ ಪರಂಪರೆ ನಮ್ಮದು. ಹಗಲೆಲ್ಲ ಕಣ್ಣು ಸವೆಸಿದವನು ರಾತ್ರಿ ಏನನ್ನು ಓದಿಯಾನು?

ಕೊನೆಯದಾಗಿ ದಂಡದ ಮಾತು. ಬಟ್ಟೆಯಲ್ಲಿ ತಪ್ಪು ಕಂಡರೆ, ಲೋಟ ಒಡೆದರೆ ಸಂಬಳದಿಂದ ಕಡಿತ! ತನಗೆ ಒಪ್ಪಿಸಿದ ಮಾಲು ಕಾರ್ಮಿಕನ ಅಲಕ್ಷ್ಯದಿಂದಲೇ ನೇರವಾಗಿ ಹಾಳಾದರೆ ಮಾತ್ರ ಕಡಿತಕ್ಕೆ ಕಾನೂನಿನಲ್ಲಿ ಎಡೆಯುಂಟು; ಅದಕ್ಕೂ ಮೊದಲು ಅವನ ಮಾತು ಕೇಳಬೇಕು. ಕತ್ತಲೆಯಲ್ಲಿ ನಿಲ್ಲಿಸಿದ್ದು ಯಾರ ಅಲಕ್ಷ್ಯ? ಬೆಳಕು ಕೊಡದವನಿಗೆ ದಂಡ ಹಾಕುವ ಬಾಯಿ ಎಲ್ಲಿಂದ ಬಂತು?

ಆದುದರಿಂದ ಮುಂದಿನ ಬೇಡಿಕೆ ಪತ್ರದಲ್ಲಿ ಸಂಬಳದ ಕೆಳಗೇ ಈ ಸಾಲುಗಳು ಇರಲಿ: ದೀಪವನ್ನಲ್ಲ, ಕೆಲಸ ನಡೆಯುವ ಜಾಗದ ಬೆಳಕನ್ನು ಕಾರ್ಮಿಕರ ಎದುರಿನಲ್ಲಿ ಅಳೆಯಬೇಕು. ದೀಪಕ್ಕೆ ಬೇರೆ ಲೈನು ಎಳೆಯಬೇಕು. ತಿಂಗಳಿಗೊಮ್ಮೆ ದೀಪ ಒರೆಸುವುದು ಪಾಳಿಯ ಹೊತ್ತಿನಲ್ಲೇ, ಸಂಬಳದೊಡನೆ ಆಗಬೇಕು. ಬೆಳಕು ಸಾಲದಲ್ಲಿ ಆದ ನಷ್ಟಕ್ಕೆ ಒಂದು ಪೈಸೆಯ ಕಡಿತವೂ ಕೂಡದು. ಬೆಳಕು ದಾನವಲ್ಲ, ದುಡಿಮೆಯ ಸಲಕರಣೆ. ಅದನ್ನು ಒದಗಿಸುವುದು ಮಾಲಿಕನ ಹೊಣೆ, ಕೇಳಿ ಪಡೆಯುವುದು ನಮ್ಮ ಹಕ್ಕು.