ಕೋಳಿಗೂಡಿಗೆ ಮಣ್ಣಿನ ನೆಲ ಬೇಡ

ಸಿಡ್ನಿಯಲ್ಲಿರುವ ನಮ್ಮ ಸದಸ್ಯ ಕುಟುಂಬಗಳಲ್ಲಿ ಕೆಲವರು ಹಿತ್ತಿಲಿನಲ್ಲಿ ಕೋಳಿ ಸಾಕುತ್ತಿದ್ದಾರೆ. ಸಾಕಬೇಕೆಂದಿರುವವರು ಇನ್ನೂ ಕೆಲವರು. ಗೂಡಿನ ಅಳತೆ, ಬಾಗಿಲು, ಕೋಳಿಯ ತಳಿ ಇವುಗಳ ಬಗ್ಗೆ ಸಾಕಷ್ಟು ವಿಚಾರ ವಿನಿಮಯ ನಡೆಯುತ್ತದೆ. ನೆಲದ ವಿಷಯ ಬಂದಾಗ ಮಾತ್ರ ‘ನಮ್ಮೂರಲ್ಲಿ ಮಣ್ಣಿನ ಮೇಲೆಯೇ ಇರುತ್ತಿದ್ದವಲ್ಲ’ ಎಂಬ ಒಂದೇ ಮಾತಿಗೆ ಚರ್ಚೆ ಮುಗಿಯುತ್ತದೆ. ಈ ಮಾತನ್ನು ನಾನು ಒಪ್ಪಲಾರೆ.

ಊರಿನ ಮಣ್ಣು ಬೇರೆ, ಸಿಡ್ನಿಯ ಹಳೆಯ ಬಡಾವಣೆಗಳ ಮಣ್ಣು ಬೇರೆ. ಇಲ್ಲಿನ ಹಳೆಯ ಮನೆಗಳಿಗೆ ದಶಕಗಳ ಕಾಲ ಸೀಸವಿದ್ದ ಬಣ್ಣವನ್ನೇ ಬಳಿಯುತ್ತಿದ್ದರು. ಸೀಸ ಬೆರೆತ ಪೆಟ್ರೋಲಿನ ಮಾರಾಟ ಆಸ್ಟ್ರೇಲಿಯಾದಲ್ಲಿ ಪೂರ್ಣವಾಗಿ ನಿಂತದ್ದು 2002ರ ಹೊತ್ತಿಗೆ. ಉದುರಿದ ಬಣ್ಣ, ವಾಹನಗಳ ಹೊಗೆ ಎರಡರ ಸೀಸವೂ ಮೇಲ್ಮಣ್ಣಿನಲ್ಲಿ ಉಳಿದುಬಿಟ್ಟಿದೆ. ಕೊಳೆತು ಹೋಗುವ ವಸ್ತು ಅದಲ್ಲ. ಕೋಳಿಯಾದರೋ ದಿನವಿಡೀ ನೆಲ ಕೆದಕುವ ಜೀವಿ, ಹುಳು ಕಾಳುಗಳೊಡನೆ ಮಣ್ಣನ್ನೂ ನುಂಗುತ್ತದೆ. 2022ರಲ್ಲಿ ಪ್ರಕಟವಾದ ಸಿಡ್ನಿಯ ಅಧ್ಯಯನವೊಂದರಲ್ಲಿ, ಹಿತ್ತಿಲ ಕೋಳಿಗಳ ಮೊಟ್ಟೆಯಲ್ಲಿದ್ದ ಸೀಸವು ಅಂಗಡಿಯ ಮೊಟ್ಟೆಯದಕ್ಕಿಂತ ಸರಾಸರಿ 40 ಪಟ್ಟು ಹೆಚ್ಚೆಂದು ಕಂಡುಬಂದಿತು. ಸೀಸದಿಂದ ಮೊದಲು ಹಾನಿಗೀಡಾಗುವುದು ಮಕ್ಕಳ ಮಿದುಳು. ಮನೆಯ ಮೊಟ್ಟೆ ಶುದ್ಧವೆಂದು ನಾವು ಅಕ್ಕರೆಯಿಂದ ಬಡಿಸುವುದೂ ಅವರಿಗೇ.

ಕಾನೂನು ಕೂಡ ಈ ವಿಷಯದಲ್ಲಿ ಮೌನವಾಗಿಲ್ಲ. ನ್ಯೂ ಸೌತ್ ವೇಲ್ಸ್ ರಾಜ್ಯದ ಸ್ಥಳೀಯಾಡಳಿತ ನಿಯಮಗಳಂತೆ ಕೋಳಿಗಳನ್ನು ವಾಸದ ಮನೆಯಿಂದ ಕನಿಷ್ಠ 4.5 ಮೀಟರ್ ದೂರದಲ್ಲಿಡಬೇಕು. ಮನೆಯಿಂದ 15.2 ಮೀಟರಿನೊಳಗಿದ್ದರೆ, ಅವು ರಾತ್ರಿ ಕೂರುವ ಅಡ್ಡಕೋಲಿನ ಕೆಳಗೆ ಕಾಂಕ್ರೀಟ್ ಅಥವಾ ಡಾಂಬರಿನ ನೆಲವಿರಬೇಕು. ಶುದ್ಧ ಮರಳಿನ ನೆಲೆಯಿದ್ದರೆ ವಿನಾಯಿತಿಯುಂಟು. ನಮ್ಮ ಹಿತ್ತಿಲುಗಳಲ್ಲಿ 15 ಮೀಟರ್ ಅಂತರ ಯಾರಿಗೆ ಸಿಕ್ಕೀತು? ಇದನ್ನು ಕಿರುಕುಳವೆಂದು ಗೊಣಗುವವರಿದ್ದಾರೆ. ನನಗಂತೂ ಇದು ವಿವೇಕದ ನಿಯಮವಾಗಿಯೇ ತೋರುತ್ತದೆ. ಕಾಂಕ್ರೀಟ್ ನೆಲವನ್ನು ನರಿ ತೋಡಲಾರದು, ಇಲಿ ಕೊರೆಯಲಾರದು, ನೀರು ಹಾಕಿ ತೊಳೆಯಲೂಬಹುದು.

ಬರಿಯ ಕಾಂಕ್ರೀಟ್ ಕೋಳಿಯ ಪಾದಕ್ಕೆ ಕಠಿಣವೆಂಬುದು ನಿಜ. ಮೇಲಿನಿಂದ ಧುಮುಕಿ ಧುಮುಕಿ ಅಂಗಾಲು ನೊಂದು ಬಾವು ಬರುತ್ತದೆ. ಆದ್ದರಿಂದ ಅಡ್ಡಕೋಲು ತಗ್ಗಿನಲ್ಲಿರಲಿ, ನೆಲದ ಮೇಲೆ ನಾಲ್ಕು ಬೆರಳಿಗೆ ಕಡಿಮೆಯಿಲ್ಲದ ದಪ್ಪಕ್ಕೆ ಹಾಸು ಇರಲಿ. ಕರ್ನಾಟಕದ ಕೋಳಿ ಫಾರಂಗಳಲ್ಲಿ ಭತ್ತದ ಹೊಟ್ಟು ಹರಡುತ್ತಾರೆ. ಇಲ್ಲಿ ಸುಲಭವಾಗಿ ಸಿಗುವುದು ಮರ ಹೆರೆದಾಗ ಬರುವ ಸುರುಳಿ ಸಿಪ್ಪೆ. ನುಣ್ಣನೆಯ ಗರಗಸದ ಪುಡಿ ಬೇಡ, ಅದರ ಧೂಳು ಕೋಳಿಯ ಉಸಿರಾಟಕ್ಕೆ ಒಳ್ಳೆಯದಲ್ಲ. ನೆಲ ಸುತ್ತಲಿನ ಮಣ್ಣಿಗಿಂತ ತುಸು ಎತ್ತರದಲ್ಲಿದ್ದು ಹೊರಕ್ಕೆ ಇಳಿಜಾರಾಗಿದ್ದರೆ ಮಳೆಗಾಲದಲ್ಲೂ ಹಾಸು ಒಣಗಿರುತ್ತದೆ. ಬಾಗಿಲು ತೆರೆದೊಡನೆ ಅಮೋನಿಯಾ ಮೂಗಿಗೆ ಬಡಿದರೆ ಹಾಸು ಬದಲಿಸಲು ತಡವಾಗಿದೆಯೆಂದೇ ಅರ್ಥ.

ಮರದ ಹಲಗೆಯ ಸಂದುಗಳಲ್ಲಿ ಕೆಂಪು ನುಸಿ ಅಡಗುತ್ತದೆ, ಹಲಗೆಯೂ ಬೇಗ ಕೊಳೆಯುತ್ತದೆ. ತಂತಿಜಾಲರಿಯ ಮೇಲೆ ಕೋಳಿಯನ್ನು ನಿಲ್ಲಿಸುವುದು ಹಿಂಸೆ. ಅದರ ಬಗ್ಗೆ ಹೆಚ್ಚು ಹೇಳಲಾರೆ.

ಗೂಡಿನೊಳಗಿನ ನೆಲವೊಂದನ್ನೇ ಸರಿಪಡಿಸಿದರೆ ಸೀಸದ ಸಮಸ್ಯೆ ತೀರುವುದಿಲ್ಲ. ಕೋಳಿ ಹಗಲೆಲ್ಲ ಇರುವುದು ಹೊರಗಿನ ಅಂಗಳದಲ್ಲಿ. ಕೋಳಿ ತರುವ ಮೊದಲೇ ಆ ಮಣ್ಣನ್ನು ಪರೀಕ್ಷೆ ಮಾಡಿಸಬೇಕು. ಮ್ಯಾಕ್ವಾರಿ ವಿಶ್ವವಿದ್ಯಾಲಯದ ‘ವೆಜ್‌ಸೇಫ್’ ಯೋಜನೆ ಜನಸಾಮಾನ್ಯರಿಗಾಗಿಯೇ ಆರಂಭವಾದದ್ದು. ಸೀಸ ಹೆಚ್ಚಿದ್ದರೆ ಹಳೆಯ ಮಣ್ಣನ್ನು ಮುಚ್ಚಿ, ಮೇಲೆ ಹೊರಗಿನಿಂದ ತಂದ ಶುದ್ಧ ಮರಳನ್ನೋ ಮಣ್ಣನ್ನೋ ದಪ್ಪವಾಗಿ ಹರಡಬೇಕು. ಕೆದಕುವ, ಧೂಳಿನಲ್ಲಿ ಹೊರಳುವ ಸುಖ ಕೋಳಿಗೆ ಅಲ್ಲಿಯೂ ಸಿಗುತ್ತದೆ.

ಬಾಡಿಗೆ ಮನೆಯಲ್ಲಿರುವವರು ಕಾಂಕ್ರೀಟ್ ಸುರಿಯಲಾರರು. ಅವರು ಕಾಂಕ್ರೀಟ್ ಚಪ್ಪಡಿಗಳನ್ನು ಸಂದಿಲ್ಲದಂತೆ ಜೋಡಿಸಬಹುದೇ ಎಂದು ಕೌನ್ಸಿಲ್ಲನ್ನೂ ಮನೆಯ ಮಾಲೀಕರನ್ನೂ ಕೇಳಿ ನೋಡಲಿ. ಮನೆ ಬಿಡುವಾಗ ಎತ್ತಿಕೊಂಡು ಹೋಗಲೂಬಹುದು. ಗೂಡಿನಿಂದ ತೆಗೆದ ಹಳೆಯ ಹಾಸನ್ನು ಕೆಲವು ತಿಂಗಳು ಕೊಳೆಸಿದರೆ ಕರಿಬೇವಿನ ಗಿಡಕ್ಕೆ ಒಳ್ಳೆಯ ಗೊಬ್ಬರ, ಹಿತ್ತಿಲಿನ ಹಳೆಯ ಮಣ್ಣು ಅದರಲ್ಲಿ ಬೆರೆತಿಲ್ಲದಿದ್ದರೆ.