ಒಂದು ಅಕ್ಷರದ ಬೆಲೆ

ಎರಡು ವರ್ಷದ ಹಿಂದಿನ ಮಾತು. ಮಧ್ಯಾಹ್ನ ಊಟದ ಗಂಟೆ ಹೊಡೆದಿತ್ತು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯ ಜೊತೆ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಹಿಂದಿನ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದು ಪಿಯುಸಿ ಸೇರಿದ್ದ ಹುಡುಗಿ. ತಂದೆ ಗಾರೆ ಕೆಲಸದವರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಕಾಗದಪತ್ರ.

‘ಸ್ಕಾಲರ್‌ಶಿಪ್ ಅರ್ಜಿ ವಾಪಸ್ ಬಂತು ಮೇಷ್ಟ್ರೇ. ನನ್ನ ಹೆಸರು ತಾಳೆ ಆಗ್ತಿಲ್ಲವಂತೆ. ಇವಳು ನನ್ನ ಮಗಳೇ ಅಲ್ಲ ಅಂತದೆ ಆ ಕಂಪ್ಯೂಟರು’ ಎಂದರು. ನಕ್ಕರು. ಆದರೆ ಅದು ನಗುವ ವಿಷಯವಾಗಿರಲಿಲ್ಲ. ಅದಕ್ಕಾಗಿ ಅವರು ಅಷ್ಟರಲ್ಲೇ ನಾಲ್ಕು ದಿನದ ಕೂಲಿ ಕಳೆದುಕೊಂಡಿದ್ದರು.

ಕಾಗದಗಳನ್ನು ಮೇಜಿನ ಮೇಲೆ ಹರಡಿ ನೋಡಿದೆ. ನಾಡಕಚೇರಿಯಿಂದ ತಂದ ಜಾತಿ-ಆದಾಯ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಇಂಗ್ಲಿಷಿನಲ್ಲಿ ಒಂದು ರೀತಿ, ಅಂಕಪಟ್ಟಿಯಲ್ಲಿ ಇನ್ನೊಂದು ರೀತಿ. ವ್ಯತ್ಯಾಸ ಒಂದೇ ಅಕ್ಷರ. ಅಂಕಪಟ್ಟಿಗೆ ಆ ಹೆಸರು ಹೋದದ್ದು ಎಲ್ಲಿಂದ? ಹತ್ತನೇ ತರಗತಿಯ ನಾಮಿನಲ್ ರೋಲ್‌ನಿಂದ. ಆ ಪಟ್ಟಿಯನ್ನು ತಯಾರಿಸಿದವರು ಯಾರು? ತರಗತಿ ಶಿಕ್ಷಕರು. ಅಂದರೆ ನಾನೇ.

ಈ ವಾರ ಆ ಒಂದು ಅಕ್ಷರದ ವಿಚಾರವನ್ನೇ ಮಾತಾಡೋಣ.

ಯಂತ್ರ ಹೆಸರನ್ನು ಓದುವುದು ಹೇಗೆ?

ಹುಡುಗಿಯ ತಂದೆಯ ನಿಜವಾದ ಹೆಸರು ಬೇಡ. ತಿಮ್ಮಪ್ಪ ಎಂದು ಇಟ್ಟುಕೊಳ್ಳೋಣ. ಕನ್ನಡದಲ್ಲಿ ಇದನ್ನು ಬರೆಯುವುದು ಒಂದೇ ರೀತಿ. ಇಂಗ್ಲಿಷಿನಲ್ಲಿ? ‘ತಿ’ಗೆ ಬರೀ ‘ಟಿ’ ಹಾಕಬಹುದು, ಇಲ್ಲವೇ ‘ಟಿ’ ಮುಂದೆ ‘ಎಚ್’ ಸೇರಿಸಬಹುದು. ‘ಮ್ಮ’ಕ್ಕೆ ಒಂದು ‘ಎಂ’ ಅಥವಾ ಎರಡು. ‘ಪ್ಪ’ಕ್ಕೆ ಒಂದು ‘ಪಿ’ ಅಥವಾ ಎರಡು. ಗಣಿತದಲ್ಲಿ ನೀವು ಕಲಿತ ಲೆಕ್ಕ: 2×2×2, ಅಂದರೆ ಎಂಟು ಬಗೆ. ಊರಿನವರಿಗೆ ಎಂಟೂ ಒಬ್ಬರೇ ತಿಮ್ಮಪ್ಪ. ಯಂತ್ರಕ್ಕೆ ಎಂಟು ಬೇರೆ ಬೇರೆ ಜನ.

ಏಕೆಂದರೆ ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಇಂಗ್ಲಿಷಿನ ದೊಡ್ಡಕ್ಷರ ‘ಎ’ ಎಂದರೆ ಅದಕ್ಕೆ 65, ‘ಬಿ’ ಎಂದರೆ 66. ಕನ್ನಡಕ್ಕೂ ಯೂನಿಕೋಡ್‌ನಲ್ಲಿ ಹೀಗೆಯೇ ಸಂಖ್ಯೆಗಳಿವೆ: ‘ಅ’ 3205, ‘ಲ’ 3250, ‘ಳ’ 3251. ಎರಡು ಹೆಸರು ಒಂದೇ ಹೌದೋ ಅಲ್ಲವೋ ಎಂದು ನೋಡುವಾಗ ಯಂತ್ರ ಮೊದಲ ಸಂಖ್ಯೆಯನ್ನು ಮೊದಲನೆಯದರ ಜೊತೆ, ಎರಡನೆಯದನ್ನು ಎರಡನೆಯದರ ಜೊತೆ ಹೋಲಿಸುತ್ತ ಹೋಗುತ್ತದೆ. ನಮ್ಮ ತಿಮ್ಮಪ್ಪನವರ ಹೆಸರಿನಲ್ಲಿ ಒಂದು ಕಡೆ ಎರಡನೆಯ ಅಕ್ಷರ ‘ಎಚ್’, ಅಂದರೆ 72. ಇನ್ನೊಂದು ಕಡೆ ‘ಐ’, ಅಂದರೆ 73. ತಾಳೆಯಾಗಲಿಲ್ಲ, ಕೆಲಸ ನಿಂತಿತು.

ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ಒಪ್ಪಿಕೊಳ್ಳುವಂತೆ, ಎಷ್ಟು ಸಾಮ್ಯವಿದೆ ಎಂದು ಅಳೆಯುವ ಲೆಕ್ಕಾಚಾರಗಳೂ ಉಂಟು. ಆದರೆ ಸಡಿಲ ಬಿಟ್ಟಷ್ಟೂ ಒಬ್ಬರ ಹಣ ಇನ್ನೊಬ್ಬರಿಗೆ ಹೋಗುವ ಅಪಾಯ ಹೆಚ್ಚು. ಎಷ್ಟು ಸಾಮ್ಯ ಸಾಕು ಎಂಬುದನ್ನು ಯಂತ್ರ ಹೇಳಲಾರದು, ಮನುಷ್ಯರೇ ತೀರ್ಮಾನಿಸಬೇಕು.

ವೇಗ ಬಂದದ್ದು ನಿಜ

ಹಾಗೆಂದು ಕಂಪ್ಯೂಟರನ್ನು ದೂರಲು ನಾನು ಹೊರಟಿಲ್ಲ. ನನ್ನ ಪ್ರಾಯದವರಿಗೆ ಹಿಂದಿನ ಕಾಲ ಚೆನ್ನಾಗಿ ನೆನಪಿದೆ. ಒಂದು ಪಹಣಿ ಬೇಕಾದರೆ ಶಾನುಭೋಗರು ಎಲ್ಲಿದ್ದಾರೆಂದು ಹುಡುಕಬೇಕಿತ್ತು. ಸುಮಾರು 9,000 ಗ್ರಾಮಲೆಕ್ಕಿಗರ ಬಳಿ ಕೈಬರಹದ ಪುಸ್ತಕಗಳಲ್ಲಿದ್ದ ಸುಮಾರು 2 ಕೋಟಿ ಪಹಣಿಗಳನ್ನು ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ತಂದಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಬಳಿಕ 2011ರ ಸಕಾಲ ಕಾಯಿದೆ ಬಂತು. 2012ರ ಏಪ್ರಿಲ್‌ನಿಂದ ಅದು ರಾಜ್ಯದಾದ್ಯಂತ ಜಾರಿಯಲ್ಲಿದೆ. ಅರ್ಜಿ ಕೊಟ್ಟೊಡನೆ ಒಂದು ಸಂಖ್ಯೆ, ಇಷ್ಟು ದಿನದೊಳಗೆ ಕೊಡಬೇಕೆಂಬ ಗಡುವು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು. ಈಗ ಪಂಚಾಯಿತಿ ಆಸ್ತಿಗೆ ‘ಇ-ಸ್ವತ್ತು’, ಪಟ್ಟಣದ ಆಸ್ತಿಗೆ ‘ಇ-ಆಸ್ತಿ’, ಜನನ-ಮರಣಕ್ಕೆ ‘ಇ-ಜನ್ಮ’. ಗ್ರಾಮ ಪಂಚಾಯಿತಿಯಲ್ಲೇ ಬಾಪೂಜಿ ಸೇವಾ ಕೇಂದ್ರ.

ತಿಮ್ಮಪ್ಪನವರ ಪ್ರಮಾಣಪತ್ರವೂ ಗಡುವಿನೊಳಗೇ ಬಂದಿತ್ತು. ಆದರೆ ಗಡುವು ದಿನಗಳಿಗೆ ಮಾತ್ರ, ಅಕ್ಷರಗಳಿಗಲ್ಲ. ಹಿಂದೆ ತಪ್ಪೊಂದು ಒಂದು ಪುಸ್ತಕದ ಒಂದು ಪುಟದಲ್ಲಿ ಮಲಗಿರುತ್ತಿತ್ತು. ಈಗ ಅದೇ ತಪ್ಪು ಅಂಕಪಟ್ಟಿಗೆ, ಅಲ್ಲಿಂದ ಕಾಲೇಜಿಗೆ, ಅಲ್ಲಿಂದ ವಿದ್ಯಾರ್ಥಿವೇತನಕ್ಕೆ ಓಡುತ್ತದೆ. ಪಹಣಿಯ ಕಾಲಂ 3ರ ವಿಸ್ತೀರ್ಣ ಕಾಲಂ 9ರ ವಿಸ್ತೀರ್ಣಕ್ಕೆ ತಾಳೆಯಾಗದೆ ಅಲೆದಾಡಿದ ರೈತರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಂತ್ರ ಹಿಡಿಯಬಲ್ಲ ತಪ್ಪು, ಹಿಡಿಯಲಾರದ ತಪ್ಪು

ವಿದ್ಯಾರ್ಥಿ ಮಿತ್ರರೇ, ಈಗ ಒಂದು ಪ್ರಯೋಗ. ಮನೆಯಲ್ಲಿರುವ ಯಾವುದಾದರೂ ಪುಸ್ತಕದ ಹಿಂಬದಿಯಲ್ಲಿ 13 ಅಂಕಿಗಳ ಐಎಸ್‌ಬಿಎನ್ ಸಂಖ್ಯೆ ಹುಡುಕಿ. ಒಂದು, ಮೂರು, ಐದು ಹೀಗೆ ಬೆಸ ಸ್ಥಾನದ ಅಂಕಿಗಳನ್ನು ಇದ್ದಂತೆ ತೆಗೆದುಕೊಳ್ಳಿ. ಸರಿ ಸ್ಥಾನದ ಅಂಕಿಗಳನ್ನು ಮೂರರಿಂದ ಗುಣಿಸಿ. ಎಲ್ಲವನ್ನೂ ಕೂಡಿ. ಮೊತ್ತದ ಕೊನೆಯಲ್ಲಿ ಸೊನ್ನೆ ಬರಬೇಕು. ಹಾಗೆ ಬರಲೆಂದೇ ಕೊನೆಯ ಅಂಕಿಯನ್ನು ಲೆಕ್ಕ ಹಾಕಿ ಸೇರಿಸಿರುತ್ತಾರೆ. ಅದಕ್ಕೆ ತಾಳೆ ಅಂಕಿ ಎನ್ನೋಣ. ಈಗ ಬೇಕೆಂದೇ ಒಂದು ಅಂಕಿ ಬದಲಾಯಿಸಿ ಕೂಡಿ ನೋಡಿ. ಸೊನ್ನೆ ತಪ್ಪಿಹೋಗುತ್ತದೆ, ತಪ್ಪು ಸಿಕ್ಕಿಬೀಳುತ್ತದೆ. ಆದರೆ ಅಕ್ಕಪಕ್ಕದ 2 ಮತ್ತು 7 ಅದಲುಬದಲಾದರೆ ಈ ಲೆಕ್ಕಕ್ಕೆ ಗೊತ್ತಾಗುವುದಿಲ್ಲ. ಯಾಕೆಂದು ನೀವೇ ಯೋಚಿಸಿ.

ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿಯೂ ಇಂಥದ್ದೇ ತಾಳೆ ಅಂಕಿ. ಅಲ್ಲಿರುವುದು ಡಚ್ ಗಣಿತಜ್ಞ ವೆರ್‌ಹೂಫ್ 1969ರಲ್ಲಿ ಪ್ರಕಟಿಸಿದ ಇನ್ನೂ ಜಾಣ ವಿಧಾನ. ಒಂದು ಅಂಕಿ ತಪ್ಪಿದರೂ ಅದು ಹಿಡಿಯುತ್ತದೆ, ಪಕ್ಕದ ಎರಡು ಅಂಕಿ ಅದಲುಬದಲಾದರೂ ಹಿಡಿಯುತ್ತದೆ.

ಆದರೆ ಹೆಸರಿಗೆ ತಾಳೆ ಅಂಕಿ ಇಲ್ಲ. ಹುಟ್ಟಿದ ದಿನಕ್ಕೂ ಇಲ್ಲ. ಫೆಬ್ರವರಿ 30 ಎಂದು ಬರೆದರೆ ಯಂತ್ರ ಬೇಡವೆನ್ನಬಹುದು. ಫೆಬ್ರವರಿ 20ರ ಬದಲು 10 ಎಂದರೆ ಸುಮ್ಮನೆ ಒಪ್ಪಿಕೊಳ್ಳುತ್ತದೆ. ನನ್ನ ತಲೆಮಾರಿನ ಎಷ್ಟೋ ಜನರ ಜನ್ಮದಿನ ಜೂನ್ 1. ನನ್ನದೂ ಅದೇ! ಶಾಲೆಗೆ ಸೇರಿಸುವ ಹೊತ್ತಿಗೆ ವಯಸ್ಸು ತುಂಬಿದಂತೆ ಕಾಣಲೆಂದು ಮೇಷ್ಟ್ರು ಬರೆದುಕೊಂಡ ದಿನ ಅದು. ನನ್ನ ತಾಯಿಯ ಲೆಕ್ಕದಲ್ಲಿ ನಾನು ಹುಟ್ಟಿದ್ದು ಗೌರಿ ಹಬ್ಬದ ಮಾರನೆಯ ವಾರ. ಈಗ ಎಲ್ಲ ಕಂಪ್ಯೂಟರುಗಳೂ ಜೂನ್ 1 ಎಂದೇ ಒಕ್ಕೊರಲಿನಿಂದ ಹೇಳುತ್ತವೆ.

ಅಳಿಸದೆ ತಿದ್ದುವುದು

ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ ತಪ್ಪು ಬರೆದಾಗ ರಬ್ಬರಿನಿಂದ ಉಜ್ಜಬಾರದು ಎಂದು ನಿಮಗೆ ಹೇಳಿಕೊಟ್ಟಿದ್ದೇವೆ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. 1969ರ ಜನನ ಮರಣ ನೋಂದಣಿ ಕಾಯಿದೆಯೂ ಇದನ್ನೇ ಹೇಳುತ್ತದೆ: ಮೂಲ ನಮೂದನ್ನು ಬದಲಿಸದೆ ಅಂಚಿನಲ್ಲಿ ತಿದ್ದುಪಡಿ ಬರೆದು, ದಿನಾಂಕದೊಂದಿಗೆ ಸಹಿ ಮಾಡಬೇಕು. ‘ಭೂಮಿ’ಯಲ್ಲಿ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗುವಂತೆ ಮಾಡಿದ್ದೂ ಇದೇ ಕಾರಣಕ್ಕೆ. ಯಾರು, ಯಾವಾಗ, ಏನು ಬದಲಿಸಿದರು ಎಂಬುದು ಉಳಿಯಬೇಕು. ತಿದ್ದಲು ತೊಡಕಿದೆ ಎಂದು ನಾವು ಗೊಣಗುತ್ತೇವೆ. ಆದರೆ ಸುಲಭವಾಗಿ ತಿದ್ದಬಹುದಾದ ದಾಖಲೆಯನ್ನು ನಮ್ಮ ಹೊಲದ ಮೇಲೆ ಕಣ್ಣಿಟ್ಟವರೂ ಸುಲಭವಾಗಿ ತಿದ್ದಬಲ್ಲರು, ಅಲ್ಲವೇ?

ಆದ್ದರಿಂದ ಮೊದಲ ಸಲ ಬರೆಯುವಾಗಲೇ ಎಚ್ಚರ ಬೇಕು. ಪಾಲಕರು ಇದನ್ನು ಗಮನಿಸಲಿ. ಮಗು ಹುಟ್ಟಿದ 21 ದಿನದೊಳಗೆ ನೋಂದಣಿ ಮಾಡಿಸಲು ಶುಲ್ಕವಿಲ್ಲ. ಹೆಸರಿಡುವುದು ತಡವಾದರೆ ಹೆಸರಿಲ್ಲದೆಯೂ ನೋಂದಾಯಿಸಬಹುದು, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಆ ದಿನದಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರುವುದರಿಂದ ಹಿಡಿದು ಮುಂದಿನ ಹಲವು ಕೆಲಸಗಳಿಗೆ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಆ ಒಂದು ಹಾಳೆಯನ್ನು ಮಡಚಿ ಪೆಟ್ಟಿಗೆಯಲ್ಲಿಡುವ ಮುನ್ನ ಕಿಟಕಿಯ ಬಳಿಯೇ ನಿಂತು ಒಂದೊಂದು ಅಕ್ಷರ ಓದಿ. ಹಿಂದೆ ಸಾಲು ಇದ್ದರೂ ಸರಿ, ಸಂಕೋಚ ಬೇಡ.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ಅಂಕಪಟ್ಟಿಯ ತಿದ್ದುಪಡಿಗೆ ಮುಖ್ಯೋಪಾಧ್ಯಾಯರ ಮೂಲಕ ಅರ್ಜಿ ಹೋಯಿತು. ತಪ್ಪು ನನ್ನದೆಂದು ನಾನೇ ಬರೆದುಕೊಟ್ಟೆ. ತಿದ್ದಿದ ಪಟ್ಟಿ ಬರುವ ಹೊತ್ತಿಗೆ ವಿದ್ಯಾರ್ಥಿವೇತನದ ಕೊನೆಯ ದಿನಾಂಕ ದಾಟಿತ್ತು. ಆ ವರ್ಷದ ಹಣ ಹೋಯಿತು. ‘ಆಗಲಿ ಬಿಡಿ ಮೇಷ್ಟ್ರೇ, ಮುಂದಿನ ವರ್ಷಕ್ಕಾದರೂ ಸರಿಯಾಯ್ತಲ್ಲ’ ಎಂದು ಆ ತಂದೆ ನನಗೇ ಸಮಾಧಾನ ಹೇಳಿದರು. ಮುಂದಿನ ವರ್ಷದಿಂದ ಹಣ ಬಂತು.

ಈಗ ನಾಮಿನಲ್ ರೋಲ್ ಕಳಿಸುವ ಮುನ್ನ ನಾನು ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಕರೆದು, ತನ್ನ ಹೆಸರು ಮತ್ತು ತಂದೆ ತಾಯಿಯ ಹೆಸರನ್ನು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದಿಸುತ್ತೇನೆ. ಒಂದು ತರಗತಿಗೆ ಎರಡು ಪಿರಿಯಡ್ ಬೇಕಾಗುತ್ತದೆ. ಕಳೆದ ಸಲ ಮೂರು ತಪ್ಪು ಸಿಕ್ಕವು.

ಈ ಭಾನುವಾರ ನೀವೂ ಮಾಡಿ ನೋಡಿ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲಾತಿ, ಜಾತಿ-ಆದಾಯ ಪತ್ರ, ಬ್ಯಾಂಕ್ ಪಾಸ್‌ಬುಕ್ ಐದನ್ನೂ ಚಾಪೆಯ ಮೇಲೆ ಸಾಲಾಗಿಡಿ. ಒಬ್ಬರು ಓದಲಿ, ಇನ್ನೊಬ್ಬರು ಬೆರಳಿಟ್ಟು ನೋಡಲಿ. ತಪ್ಪು ಕಂಡರೆ ಸೋಮವಾರವೇ ಹೊರಡಿ. ಕೊನೆಯ ದಿನಾಂಕ ಇನ್ನೂ ದೂರವಿದೆ.