ಸುಶಿಯನ್ನು ಪಾರ್ಸಲ್ ಮಾಡಬೇಡಿ

ಕಳೆದ ಮೇ ತಿಂಗಳ ಒಂದು ಶನಿವಾರ ರಾತ್ರಿ ನಾವು ಮೂವರು ಸೇರಿ 4,180 ರೂಪಾಯಿಯ ತಂಗಳನ್ನ ತರಿಸಿಕೊಂಡು ತಿಂದೆವು. ರೂಮ್‌ಮೇಟ್ ಒಬ್ಬನಿಗೆ ಪ್ರಮೋಷನ್ ಆಗಿತ್ತು. ಮುಂಬೈಯಲ್ಲಿ ಹೆಸರು ಮಾಡಿದ ದುಬಾರಿ ಜಪಾನಿ ರೆಸ್ಟೊರೆಂಟಿನಿಂದಲೇ ಸುಶಿ ಬರಬೇಕು ಎಂದು ಅವನು ಹಟ ಹಿಡಿದ. ಆರ್ಡರ್ ಮಾಡಿ 55 ನಿಮಿಷಕ್ಕೆ ಮುಲುಂಡಿನ ನಮ್ಮ ಫ್ಲ್ಯಾಟಿಗೆ ಕಪ್ಪು ಡಬ್ಬಿ ಬಂತು. ಡಬ್ಬಿ ಎಷ್ಟು ಚೆನ್ನಾಗಿತ್ತೆಂದರೆ ಅದನ್ನು ಇನ್ನೂ ಎಸೆದಿಲ್ಲ, ಚಾರ್ಜರ್ ವೈರುಗಳನ್ನು ಹಾಕಿಟ್ಟಿದ್ದೇವೆ. ಒಳಗಿದ್ದದ್ದನ್ನು ಬಾಯಿಗೆ ಹಾಕಿಕೊಂಡ ಧಾರವಾಡದ ಗೆಳೆಯ ಎರಡು ಸಲ ಅಗಿದು, "ಏನಲೇ ಇದು, ತಂಗಳನ್ನಕ್ಕ ಇಷ್ಟ್ ರೊಕ್ಕಾ?" ಅಂದ. ಪ್ರಮೋಷನ್ ಆದವನು ಪುತ್ತೂರಿನವನು, ಮೀನಿನ ರುಚಿ ಬಲ್ಲವನು. ಅವನು ಮಾತಾಡಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು.

ಇದು ಹಸಿ ಮೀನನ್ನು ಗೇಲಿ ಮಾಡುವ ಲೇಖನವಲ್ಲ. ಮುದ್ದೆ ಬಿಟ್ಟು ಇದೆಲ್ಲ ಯಾಕೆ ಎಂದು ಮೂಗು ಮುರಿಯುವವರ ಗುಂಪಿಗೆ ನಾನು ಸೇರಿದವನೂ ಅಲ್ಲ. ಊರು ಬಿಟ್ಟು ಬಂದ ಮೇಲೆ ನಾಲಿಗೆಯೂ ನಾಲ್ಕು ಊರು ನೋಡಲಿ. ನನ್ನ ತಕರಾರು ಡಬ್ಬಿಯ ಮೇಲೆ, ಮತ್ತು ಆ ಡಬ್ಬಿಗೆ ತುಂಬಿಸಬಾರದ್ದನ್ನು ತುಂಬಿಸಿ ಮಾರುವವರ ಮೇಲೆ.

ನಿಗಿರಿ ಅಂದರೆ ಕೈಬೆರಳಲ್ಲಿ ಒತ್ತಿದ ಸಣ್ಣ ಅನ್ನದ ಉಂಡೆ, ಅದರ ಮೇಲೊಂದು ಮೀನಿನ ತುಣುಕು. ಅಷ್ಟೇ. ಅದರ ಗುಟ್ಟೆಲ್ಲ ಇರುವುದು ಬಿಸಿ-ತಂಪಿನ ಲೆಕ್ಕದಲ್ಲಿ. ವಿನೆಗರ್ ಬೆರೆಸಿದ ಅನ್ನ ಸುಮಾರಾಗಿ ನಮ್ಮ ಮೈಯಷ್ಟು ಬೆಚ್ಚಗಿರಬೇಕು, ಮೀನು ತಣ್ಣಗಿರಬೇಕು, ಎರಡೂ ಬಾಯೊಳಗೆ ಸೇರಬೇಕು. ಒತ್ತಿದ ಕೈ ಮತ್ತು ತಿನ್ನುವ ಬಾಯಿಯ ನಡುವೆ ಒಂದು ಕೌಂಟರಿನ ಅಗಲವಷ್ಟೇ ಇರುವುದು ಇದಕ್ಕಾಗಿ. ಈಗ ಅದನ್ನು ಮೇ ತಿಂಗಳ ಮುಂಬೈಯಲ್ಲಿ ಸ್ಕೂಟರಿನ ಮೇಲೆ ಕಳಿಸಿ ನೋಡಿ. ಮೀನು ಕೆಡಬಾರದೆಂದು ಐಸ್ ಪ್ಯಾಕ್ ಇಟ್ಟರೆ ಅನ್ನ ಸೆಟೆದುಕೊಂಡು ಕಾಳು ಕಾಳಾಗುತ್ತದೆ. ಫ್ರಿಜ್ಜಿನಲ್ಲಿಟ್ಟ ಅನ್ನ ಏನಾಗುತ್ತದೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಅನ್ನ ಮೆತ್ತಗಿರಲೆಂದು ಐಸ್ ತೆಗೆದರೆ ಹಸಿ ಮೀನು ಬೆಚ್ಚಗಾಗುತ್ತದೆ. ಅದನ್ನು ತಿನ್ನಲು ಧೈರ್ಯ ಬೇಕು. ಒಂದೇ ಡಬ್ಬಿಯಲ್ಲಿ ಇಬ್ಬರನ್ನೂ ಸಮಾಧಾನ ಮಾಡುವ ಉಪಾಯವಿಲ್ಲ. ನೋರಿ ಎಂಬ ಕಡಲಪಾಚಿಯ ಹಾಳೆ ಹಪ್ಪಳದಂತೆ ಗರಿಗರಿ ಇರಬೇಕಾದದ್ದು, ಅನ್ನದ ತೇವ ಕುಡಿದು ಒದ್ದೆ ಚರ್ಮವಾಗಿರುತ್ತದೆ. ವಸಾಬಿ? ಅಪ್ಪಟ ವಸಾಬಿಯನ್ನು ತುರಿದರೆ ಅದರ ಘಾಟು ಕಾಲು ಗಂಟೆಯೊಳಗೆ ಇಳಿದುಹೋಗುತ್ತದೆ. ಹಾಗಾಗಿ ಡಬ್ಬಿಯೊಳಗಿನ ಹಸಿರು ಮುದ್ದೆ ಮೂಗಿಗೆ ಹೊಡೆಯಿತೆಂದರೆ ಅದು ಬಹುಮಟ್ಟಿಗೆ ಬಣ್ಣ ಹಾಕಿದ ಹಾರ್ಸ್‌ರ‍್ಯಾಡಿಶ್.

ಇದು ಆ ರೆಸ್ಟೊರೆಂಟಿನ ಅಡುಗೆಯವರಿಗೆ ಗೊತ್ತಿಲ್ಲವೇ? ನನಗಿಂತ ನೂರು ಪಾಲು ಚೆನ್ನಾಗಿ ಗೊತ್ತು. ಗೊತ್ತಿದ್ದೂ ಕೌಂಟರಿನ ಬೆಲೆಗೇ ಮಾರುತ್ತಾರೆ, ಮೇಲೆ ಪ್ಯಾಕಿಂಗ್ ಚಾರ್ಜು ಹಾಕುತ್ತಾರೆ. ಕೌಂಟರಿನಲ್ಲಿ ನಾವು ಕೊಡುವ ದುಡ್ಡು ಮೀನಿಗಷ್ಟೇ ಅಲ್ಲ, ಆ ಕೈಗೆ, ಆ ಗಳಿಗೆಗೆ. ಡಬ್ಬಿಯಲ್ಲಿ ಕೈಯೂ ಇಲ್ಲ, ಗಳಿಗೆಯೂ ಇಲ್ಲ. ಹೆಸರು ಮಾತ್ರ ಇದೆ, ಮುಚ್ಚಳದ ಮೇಲೆ, ಬಂಗಾರದ ಅಕ್ಷರದಲ್ಲಿ.

ಜಪಾನಿನಲ್ಲೂ ಸುಶಿ ಮನೆಗೆ ಬರುತ್ತದಲ್ಲ ಎಂದು ನೀವು ಕೇಳಬಹುದು. ಬರುತ್ತದೆ. ಓಣಿಯ ಅಂಗಡಿಯವರು ಅರಗಿನ ಬಣ್ಣದ ದುಂಡನೆ ತಟ್ಟೆಯಲ್ಲಿ ತಂದುಕೊಟ್ಟು, ಆಮೇಲೆ ಬಂದು ಖಾಲಿ ತಟ್ಟೆ ಒಯ್ಯುವ ಪದ್ಧತಿ ಹಳೆಯದು. ಸೂಪರ್‌ಮಾರ್ಕೆಟ್ಟುಗಳಲ್ಲೂ ಡಬ್ಬಿ ಸುಶಿ ರಾಶಿ ರಾಶಿ ಇರುತ್ತದೆ. ಆದರೆ ಅಲ್ಲಿ ಅಂಗಡಿ ಮುಚ್ಚುವ ಹೊತ್ತು ಹತ್ತಿರವಾದಂತೆ ಅದರ ಮೇಲೆ ಬೆಲೆ ಇಳಿಸಿದ ಚೀಟಿ ಅಂಟಿಸುತ್ತಾರೆ. ಹೊತ್ತು ಕಳೆದ ಸುಶಿಯ ಬೆಲೆ ಇಳಿಯಬೇಕು ಎಂಬ ಮರ್ಯಾದೆ ಅದು. ಇಲ್ಲಿ ಹೊತ್ತು ಕಳೆದಷ್ಟೂ ಚಾರ್ಜು ಏರುತ್ತದೆ.

ದಾರಿಗೆಂದೇ ಹುಟ್ಟಿದ ಸುಶಿಯೂ ಉಂಟು ಎನ್ನುವುದು ಇದರಲ್ಲಿನ ದೊಡ್ಡ ತಮಾಷೆ. ಮೂಲದಲ್ಲಿ ಸುಶಿ ಅಂದರೆ ಮೀನು ಕೆಡದಂತೆ ಉಪ್ಪು ಹಾಕಿ ಅನ್ನದಲ್ಲಿ ಹುದುಗಿಸಿಡುವ ವಿದ್ಯೆ. ಶಿಗಾ ಪ್ರಾಂತ್ಯದ ಬಿವಾ ಸರೋವರದ ಸುತ್ತ ಆ ಬಗೆಯ ಫುನಾಜುಶಿಯನ್ನು ಈಗಲೂ ಮಾಡುತ್ತಾರೆ. ನಾರಾ ಕಡೆ ಉಪ್ಪು ಹಚ್ಚಿದ ಬಂಗುಡೆ ಜಾತಿಯ ಮೀನನ್ನು ಅನ್ನದ ಮೇಲಿಟ್ಟು, ಪರ್ಸಿಮನ್ ಎಲೆಯಲ್ಲಿ ಸುತ್ತಿ ಒತ್ತಿಡುತ್ತಾರೆ. ಒಸಾಕಾದಲ್ಲಿ ಮರದ ಅಚ್ಚಿನಲ್ಲಿ ಒತ್ತಿ ತುಂಡು ಮಾಡುತ್ತಾರೆ. ಹುರಿದ ತೋಫುವಿನ ಚೀಲದೊಳಗೆ ಹುಳಿ ಅನ್ನ ತುಂಬಿದ್ದು ಇನಾರಿ. ಇವೆಲ್ಲ ನಮ್ಮ ಬುತ್ತಿಗಳು. ಪುಳಿಯೋಗರೆ ಏಕೆ ರೈಲಿನಲ್ಲಿ ಮರುದಿನದವರೆಗೂ ಬರುತ್ತದೋ ಅದೇ ಕಾರಣಕ್ಕೆ ಇವೂ ಬರುತ್ತವೆ: ಹುಳಿ ಕಾಯುತ್ತದೆ. ಕೊಂಡೊಯ್ಯಲು ಇವಿದ್ದರೂ ನಮ್ಮ ದುಬಾರಿ ರೆಸ್ಟೊರೆಂಟುಗಳು ಪಾರ್ಸಲ್ ಕಟ್ಟುವುದು ನಿಗಿರಿಯನ್ನೇ, ಏಕೆಂದರೆ ಫೋಟೊದಲ್ಲಿ ಅದು ಚೆಂದ. ಪೂರಿಯನ್ನು ಪಾರ್ಸಲ್ ಕೊಟ್ಟು ರೊಟ್ಟಿ-ಶೇಂಗಾ ಚಟ್ನಿಯನ್ನು ಮೆನುವಿನಿಂದ ತೆಗೆದಂತೆ.

ಆ ರಾತ್ರಿ ಇನ್ನೊಂದು ಸಣ್ಣತನ ನಡೆಯಿತು. ಊಟ ಹೇಗಿತ್ತು, ಡೆಲಿವರಿ ಹೇಗಿತ್ತು ಎಂದು ಆ್ಯಪ್ ಕೇಳಿತು. ಸಿಟ್ಟಿನಲ್ಲಿದ್ದ ನಾವು ಎರಡಕ್ಕೂ ಒಂದೊಂದು ಸ್ಟಾರ್ ಒತ್ತಿದೆವು. ಹುಡುಗ ಹೇಳಿದ ಹೊತ್ತಿಗೇ ಬಂದಿದ್ದ, ಡಬ್ಬಿ ಓರೆಯಾಗದಂತೆ ಎರಡೂ ಕೈಯಲ್ಲಿ ಹಿಡಿದುಕೊಟ್ಟಿದ್ದ. ಅವನು ಗಾಳಿಯಲ್ಲಿ ಹಾರಿ ಬಂದಿದ್ದರೂ ಆ ಅನ್ನ ಬದುಕುತ್ತಿರಲಿಲ್ಲ. ಅಡುಗೆಮನೆಯವರ ತಪ್ಪಿಗೆ ಸ್ಕೂಟರಿನವನ ಹೆಸರಲ್ಲಿ ಚೀಟಿ ಹರಿಯುವ ವ್ಯವಸ್ಥೆ ಇದು. ನಾವು ಅದಕ್ಕೆ ಬೆರಳು ಕೊಟ್ಟೆವು.

ಇಷ್ಟು ಬೈದ ಮೇಲೆ ನಮ್ಮ ಕಡೆಗೂ ತಿರುಗಬೇಕು. ಅಷ್ಟೇ ದುಡ್ಡಿಗೆ ಅಲ್ಲಿಗೇ ಹೋಗಿ ಕೂರಬಹುದಿತ್ತು. ಯಾಕೆ ಹೋಗಲಿಲ್ಲ? ಟ್ರಾಫಿಕ್ಕು, ಸುಸ್ತು ಎಂದು ಹೇಳಿಕೊಂಡೆವು. ನಿಜ ಹೇಳಬೇಕೆಂದರೆ ಹೆದರಿಕೆ. ಮೆನುವಿನ ಹೆಸರುಗಳನ್ನು ತಪ್ಪಾಗಿ ಅಂದುಬಿಡುವ ಹೆದರಿಕೆ, ಚಾಪ್‌ಸ್ಟಿಕ್ಕಿನಿಂದ ಜಾರಿ ಸೋಯಾ ಸಾಸಿನಲ್ಲಿ ಬೀಳುವ ತುಣುಕಿನ ಹೆದರಿಕೆ, ಪಕ್ಕದ ಟೇಬಲ್ಲಿನವರ ಕಣ್ಣಿನ ಹೆದರಿಕೆ. ಮಹಾನಗರಕ್ಕೆ ಬಂದು ಹತ್ತು ವರ್ಷವಾದರೂ, ಸಂಬಳ ಎಷ್ಟೇ ಏರಿದರೂ, ಕೆಲವು ಗಾಜಿನ ಬಾಗಿಲುಗಳ ಮುಂದೆ ನಾವು ಚಪ್ಪಲಿ ಬಿಡಬೇಕೋ ಏನೋ ಎಂದು ನಿಲ್ಲುವವರೇ. ಹಾಗಾಗಿ ಆ ಬಾಗಿಲನ್ನೇ ಮನೆಗೆ ತರಿಸಿಕೊಳ್ಳುತ್ತೇವೆ. ದುಬಾರಿ ಪಾರ್ಸಲ್ಲಿನ ವ್ಯಾಪಾರ ನಡೆಯುವುದರಲ್ಲಿ ಈ ಸಂಕೋಚದ ಪಾಲೂ ಇದೆ.

ಆ ಸಂಕೋಚಕ್ಕೆ ಬುಡವೇ ಇಲ್ಲ. ನಿಗಿರಿ ಬೆಳೆದದ್ದು ಹತ್ತೊಂಬತ್ತನೇ ಶತಮಾನದ ಎಡೋದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ, ಬೀದಿ ಗಾಡಿಗಳ ಮೇಲೆ. ದುಡಿಯುವ ಜನ ನಿಂತಲ್ಲೇ ತಿಂದು ಹೋಗುತ್ತಿದ್ದ ತಿಂಡಿ ಅದು, ನಮ್ಮ ದರ್ಶಿನಿಯ ಇಡ್ಲಿಯ ಹಾಗೆ. ಇವತ್ತಿಗೂ ನಿಗಿರಿಯನ್ನು ಕೈಯಲ್ಲಿ ತಿಂದರೆ ಅಲ್ಲಿ ಯಾರೂ ತಪ್ಪೆನ್ನುವುದಿಲ್ಲ. ಕೈಯಲ್ಲಿ ಉಣ್ಣುವುದನ್ನು ನಮಗೆ ಯಾರು ಕಲಿಸಬೇಕು?

ಕಳೆದ ತಿಂಗಳು ಒಂದು ಮಧ್ಯಾಹ್ನ ನಾನೊಬ್ಬನೇ ಬೇರೊಂದು ಕಡೆ ಹೋಗಿ ಕೌಂಟರಿನಲ್ಲಿ ಕೂತೆ. ಆರೇ ತುಣುಕು ಹೇಳಿದೆ. ಒಂದೊಂದಾಗಿ ಬಂದವು, ಬಂದ ಹಾಗೇ ಕೈಯಲ್ಲಿ ತಿಂದೆ. ಅನ್ನ ಬೆಚ್ಚಗಿತ್ತು. ಬಿಲ್ಲು 1,350 ರೂಪಾಯಿ. ಹೊಟ್ಟೆ ತುಂಬಲಿಲ್ಲ, ಅದು ಬೇರೆ ಮಾತು. ಮನೆಗೆ ಬಂದು ಮೊಸರನ್ನ ಕಲಸಿಕೊಂಡೆ.